ಹೆಸರಿನ ಜಾಗದಲ್ಲಿ ಒಂದು ಅಂಕಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪ್ರೇಮ ಕಥೆ ಹೇಳುವಷ್ಟು ನನ್ನ ಕೈ ಪಳಗಿಲ್ಲ. ಅದರಲ್ಲೂ ಈ ಕಥೆಯೊಳಗೆ ಒಂದು ಕಂಪ್ಯೂಟರ್ ಬೇರೆ ಬರುತ್ತದೆ. ಎಲ್ಲಾದರೂ ತಪ್ಪಿದರೆ ತಿಳಿದವರು ಬೈಯಬೇಡಿ... ಹೇಳದೆ ಇಟ್ಟುಕೊಳ್ಳಲು ಮಾತ್ರ ನನ್ನಿಂದ ಆಗುತ್ತಿಲ್ಲ.

"ನನ್ನ ಹಳೇ ದನಿ ಇನ್ನೂ ಇಲ್ಲಿದೆಯಾ?"

ಒಣ ಕಟ್ಟಿಗೆಗೆ ಗರಗಸ ಎಳೆದಂಥ ದನಿ. ಅವಳು ಕಂಪ್ಯೂಟರ್ ಪರದೆಯಿಂದ ತಲೆ ಎತ್ತಿದಳು.

ಅವನೇ!

ಕಣ್ಣು ಅದೇ, ಬಾಗಿಲಿಗೆ ಒರಗಿ ನಿಲ್ಲುವ ರೀತಿಯೂ ಅದೇ. ಕತ್ತಿನ ಮೇಲೆ ಹೊಲಿಗೆಯ ಗುರುತು ಮಾತ್ರ ಹೊಸದು.

"ನಿಮ್ಮ... ಗಂಟಲಿಗೆ ಏನಾಯ್ತು?"

"ಆಪರೇಷನ್. ಉಳಿದದ್ದು ಇಷ್ಟೇ." ಅವನು ನಗಲು ನೋಡಿದ. "ನನ್ನ ದನಿ ಹೇಗಿತ್ತು ಅಂತ ನನಗೇ ಮರೆತುಹೋಗ್ತಿದೆ. ಓದಿದ್ದು ಏನಾದ್ರೂ ಉಳಿದಿದ್ರೆ ಒಂದು ಸಲ ಕೇಳಿಸಿಕೊಂಡು ಹೋಗ್ತೀನಿ. ನಿಮಗೆ ತೊಂದರೆ ಕೊಡಲ್ಲ."

ನಿಮಗೆ! ಒಂದು ಕಾಲಕ್ಕೆ ಈ ಬಾಯಿಂದ ಅವಳಿಗೆ 'ನೀನು' ಬಿಟ್ಟು ಬೇರೆ ಮಾತು ಬಂದದ್ದೇ ಇಲ್ಲ.

ಅದು ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುವ ಪುಟ್ಟ ಸ್ಟುಡಿಯೋ. ನಡುವೆ ದಪ್ಪ ಗಾಜು. ಗಾಜಿನಾಚೆ ಮೈಕಿನ ಮುಂದೆ ಓದುವವರು, ಈಚೆ ಅವಳು ಮತ್ತು ಆ ಧ್ವನಿಗಳನ್ನೆಲ್ಲ ಕೂಡಿಡುವ ಅವಳ ಸರ್ವರ್. ಎಲ್ಲರಿಗೂ ಅವಳು 'ಸಿಸ್ಟಮ್ ಮೇಡಂ'. ಅಲ್ಲಿಗೆ ಓದಲು ಬರುತ್ತಿದ್ದ ಅವನೊಬ್ಬನಿಗೆ ಮಾತ್ರ 'ಲೋಕಮಾತೆ'.

ಆ ಹೆಸರು ಬಿದ್ದದ್ದೂ ಒಂದು ತಮಾಷೆಯೇ. ಅವಳ ಸರ್ವರಿನ ಸಿಸ್ಟಮ್ ಸಿದ್ಧವಾಗಿ ಸಿಗುವಂಥದ್ದಲ್ಲ. ದೊಡ್ಡ ಆವೃತ್ತಿ ಬದಲಾದಾಗಲೆಲ್ಲ ಮೂಲ ಕೋಡ್ ಇಳಿಸಿಕೊಂಡು ಇಡೀ ಸಿಸ್ಟಮನ್ನು ಅಲ್ಲೇ ಕಟ್ಟಬೇಕು. ಮೊದಲು ಅದರ ತಿರುಳಾದ ಕರ್ನಲ್ ಕೂರಿಸಿ, ಯಂತ್ರವನ್ನು ಮತ್ತೆ ಎಬ್ಬಿಸಿ, ಆಮೇಲೆ ಉಳಿದದ್ದನ್ನೆಲ್ಲ ಕೂರಿಸಬೇಕು. ಆ ಉಳಿದದ್ದಕ್ಕೆ ಅದನ್ನು ಮಾಡಿದವರು ಇಟ್ಟ ಹೆಸರೇ 'ವರ್ಲ್ಡ್', ಅಂದರೆ ಲೋಕ.

"ಸುಮ್ನಿರು, ಲೋಕ ಕಟ್ತಿದ್ದೀನಿ," ಅಂತ ಅವಳು ಒಮ್ಮೆ ಗದರಿದ್ದಳು.

"ತಾಯಿ, ಲೋಕಮಾತೆ! ಕಟ್ಟೋವಾಗ ನನಗೂ ಒಂದು ಮೂಲೆ ಇಡು!"

ಅವಳು ನಕ್ಕಿದ್ದಳು. ಆ ನಗು ಹೋಗಿ ಎಷ್ಟು ಕಾಲವಾಯಿತು...

ವರ್ಷಗಳ ಹಿಂದಿನ ಒಂದು ಶನಿವಾರ ಸಂಜೆ. ಓದು ಮುಗಿಸಿ ಬಂದವನು ಹೆಡ್‌ಫೋನ್ ಕತ್ತಿಗೆ ನೇತುಹಾಕಿಕೊಂಡೇ ಕೇಳಿಬಿಟ್ಟಿದ್ದ.

"ಮನೆಗೆ ಬಂದು ನಿನ್ನ ಅಪ್ಪನ ಹತ್ತಿರ ಮಾತಾಡ್ಲಾ?"

ಅವಳ ಕಿವಿ ಬಿಸಿಯಾಯಿತು.

"ನಾಳೆ ಅಪ್‌ಗ್ರೇಡ್ ಇದೆ..."

"ಅದನ್ನಲ್ಲ ಮಾರಾಯ್ತಿ ನಾನು ಕೇಳಿದ್ದು!"

"ಸೋಮವಾರ ಬಾ. ನಿನ್ನ ಹೆಸರಲ್ಲಿ ಸಿಸ್ಟಮ್ ಒಳಗೆ ಹೋಗು. ಉತ್ತರ ಅಲ್ಲೇ ಇರುತ್ತೆ."

ಭಾನುವಾರ ಬಾಗಿಲು ಹಾಕಿದ ಸ್ಟುಡಿಯೋದಲ್ಲಿ ಅವಳೊಬ್ಬಳೇ. ಕೋಡ್ ತನ್ನಷ್ಟಕ್ಕೆ ಕಟ್ಟಿಕೊಳ್ಳುತ್ತಿತ್ತು. ಅವಳು ಗಾಜಿನಾಚೆ ಹೋಗಿ, ಜೀವನದಲ್ಲಿ ಮೊದಲ ಸಲ ಮೈಕಿನ ಮುಂದೆ ಕೂತಳು. ಒಂದೇ ಒಂದು ಮಾತು ಹೇಳಿ, ಅದನ್ನು ಅವನ ಫೋಲ್ಡರಿನಲ್ಲಿಟ್ಟಳು.

ಕೊನೆಯ ಕೆಲಸ ಸೆಟ್ಟಿಂಗ್ ಫೈಲುಗಳನ್ನು ಕೂಡಿಸುವುದು. ಎಡಗಡೆ ಹಳೆಯದು, ಬಲಗಡೆ ಹೊಸದು. ಯಾವುದು ಇರಲಿ ಎಂದು ಸಿಸ್ಟಮ್ ಒಂದೊಂದಕ್ಕೂ ಕೇಳುತ್ತದೆ. ಅವಳ ಮನಸ್ಸು ಸೋಮವಾರಕ್ಕೆ ಓಡಿಹೋಗಿತ್ತು. ಹೊಸದು, ಹೊಸದು, ಹೊಸದು ಎನ್ನುತ್ತ ಹೋದವಳು ಬಳಕೆದಾರರ ಫೈಲಿಗೂ ಹೊಸದು ಎಂದುಬಿಟ್ಟಳು.

ಹೊಸ ಫೈಲಿನಲ್ಲಿ ಸಿಸ್ಟಮಿನದೇ ಹೆಸರುಗಳು. ಮನುಷ್ಯರದ್ದು ಒಂದೂ ಇಲ್ಲ!

ಅವಳು ಬೆವತುಹೋದಳು. ಧ್ವನಿಗಳಿಗೆಲ್ಲ ನಕಲು ಇತ್ತು, ಸೆಟ್ಟಿಂಗ್‌ಗಳಿಗೆ ಇರಲಿಲ್ಲ. ಗೋಡೆಯ ಮೇಲಿನ ಸಿಬ್ಬಂದಿ ಪಟ್ಟಿ ನೋಡಿಕೊಂಡು ಎಲ್ಲರ ಹೆಸರನ್ನೂ ಮತ್ತೆ ಸೇರಿಸಿದಳು. ಅಬ್ಬ, ಬಚಾವಾದೆ ಅಂದುಕೊಂಡಳು.

ಅವನು ಸಿಬ್ಬಂದಿಯಲ್ಲ ಎಂಬುದು ಆ ಗಾಬರಿಯಲ್ಲಿ ಹೊಳೆಯಲೇ ಇಲ್ಲ. ಹೊರಗಿನಿಂದ ಬಂದು ಓದಿ ಹೋಗುವವನ ಹೆಸರು ಆ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು?

ಸೋಮವಾರ ಅವನು ಗಾಜಿನಾಚೆ ಕೂತು ಹೆಡ್‌ಫೋನ್ ಹಾಕಿಕೊಂಡದ್ದನ್ನು ಅವಳು ಕಂಡಳು. ಏನೋ ಟೈಪ್ ಮಾಡಿದ. ಮತ್ತೆ ಮಾಡಿದ. ಗಾಜಿನಿಂದ ಅವಳನ್ನೇ ನೋಡಿದ. ಅವಳು ನಾಚಿ ತಲೆ ತಗ್ಗಿಸಿದಳು. ತಲೆ ಎತ್ತುವಷ್ಟರಲ್ಲಿ ಹೆಡ್‌ಫೋನ್ ಮೇಜಿನ ಮೇಲಿತ್ತು, ಕುರ್ಚಿ ಖಾಲಿ.

*ನನ್ನ ಉತ್ತರ ಕೇಳಿಯೂ ಎದ್ದು ಹೋದನಲ್ಲ...*

ಅವಳು ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ. "ಆ ಹುಡುಗ ಯಾಕೆ ಈಗ ಓದಲ್ಲ? ಚೆನ್ನಾಗಿ ಓದ್ತಿದ್ದ," ಎಂದು, ಸ್ಟುಡಿಯೋದ ಪುಸ್ತಕಗಳನ್ನು ಕೇಳುತ್ತಿದ್ದ ಅವಳ ಅಪ್ಪ ವಿಚಾರಿಸುತ್ತಿದ್ದರು; ವಿಚಾರಿಸುತ್ತಲೇ ತೀರಿಕೊಂಡರು. ಅವನು ಅರ್ಧಕ್ಕೆ ಬಿಟ್ಟ ಕಾದಂಬರಿಯ ಫೋಲ್ಡರಿನ ಕಡೆ ಅವಳು ಕಣ್ಣೆತ್ತಿಯೂ ನೋಡಲಿಲ್ಲ.

ಈಗ ಮತ್ತೊಂದು ದೊಡ್ಡ ಆವೃತ್ತಿ ಬಂದಿತ್ತು. ಡಿಸ್ಕ್ ತುಂಬಿದೆ, ಯಾರಿಗೂ ಬೇಡದ ಫೋಲ್ಡರುಗಳನ್ನೆಲ್ಲ ಅಳಿಸಿ ಶುರುಮಾಡು ಎಂದು ಬೆಳಿಗ್ಗೆಯಷ್ಟೇ ಸ್ಟುಡಿಯೋದ ಮುಖ್ಯಸ್ಥೆ ಹೇಳಿದ್ದರು. ಅವಳು ಅದಕ್ಕೇ ಕೂತಿದ್ದಳು. ಅವನದನ್ನೂ ಅಳಿಸಲು...

"ಇದೆ," ಎಂದಳು. "ಬನ್ನಿ."

ಫೋಲ್ಡರುಗಳನ್ನು ಪರದೆಗೆ ತಂದಳು. ಪ್ರತಿಯೊಂದರ ಪಕ್ಕ ಅದರ ಯಜಮಾನನ ಹೆಸರು. ಅವನ ಫೋಲ್ಡರಿನ ಪಕ್ಕದಲ್ಲಿ ಮಾತ್ರ ಹೆಸರಿರಲಿಲ್ಲ. ಬರೀ ಒಂದು ಅಂಕಿ.

ಅವಳ ಬೆರಳು ನಿಂತುಹೋಯಿತು. ಹೆಸರು ಅಳಿದರೂ ಸಾಮಾನು ಉಳಿದಾಗ ಸಿಸ್ಟಮ್ ಹೀಗೆಯೇ ತೋರಿಸುತ್ತದೆ. ಅಂದರೆ...

"ಆ ಸೋಮವಾರ," ಅವಳು ತಿರುಗದೆಯೇ ಕೇಳಿದಳು, "ನಿಮಗೆ ಪರದೆ ಮೇಲೆ ಏನು ಕಾಣಿಸ್ತು?"

"ಈಗ ಅದೆಲ್ಲ ಯಾಕೆ?"

"ಹೇಳಿ!"

"ಒಳಗೆ ಬಿಡಲಿಲ್ಲ. ಬೇರೆ ಎಲ್ಲರೂ ಅವರವರ ಹೆಸರಲ್ಲಿ ಒಳಗೆ ಹೋಗ್ತಿದ್ರು, ನನ್ನದೊಂದೇ ಅಳಿಸಿತ್ತು. ಉತ್ತರ ಅಲ್ಲೇ ಇರುತ್ತೆ ಅಂದಿದ್ರಿ." ಅವನು ಗಂಟಲು ಸರಿಮಾಡಿಕೊಂಡ. "ಇತ್ತು. ಓದ್ಕೊಂಡು ಹೋದೆ."

ಅಯ್ಯೋ!

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಎಡ ಎನ್ನಬೇಕಾದಲ್ಲಿ ಬಲ ಎಂದದ್ದು... ಗೋಡೆಯ ಪಟ್ಟಿ... ಬಿಕ್ಕುತ್ತ ಎಲ್ಲ ಹೇಳಿದಳು. ಅವನು ನಿಂತಲ್ಲೇ ಕೇಳಿದ.

"ಒಂದು ಮಾತು ಕೇಳಬಾರದಿತ್ತಾ ನನ್ನ?" ಎಂದಳು ಕೊನೆಗೆ. "ಬೇರೆ ಯಾರೇ ಆಗಿದ್ರೂ ಬಂದು ಜಗಳ ಆಡ್ತಿದ್ರು!"

"ಜಗಳ ಆಡೋಕೆ ಬಂದಿರಲಿಲ್ಲ ನಾನು. ಉತ್ತರಕ್ಕೆ ಬಂದಿದ್ದೆ. ನೀನು ಕೇಳಬಾರದಿತ್ತಾ, ಯಾಕೆ ಹೋದೆ ಅಂತ?"

ಆ 'ನೀನು' ಅವಳ ಕಿವಿಗೆ ಬಿದ್ದಿತ್ತು.

"ಮನೇಲಿ... ಯಾರ್‍ಯಾರಿದ್ದಾರೆ?"

"ಅಕ್ಕ, ಭಾವ."

"ಅಷ್ಟೇನಾ?"

"ಭಾವ ಇಬ್ಬರಿಗೆ ಸಮ ಮಾತಾಡ್ತಾರೆ. ಸಾಕು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಕಣ್ಣೊರೆಸಿಕೊಂಡು, ಅದೇ ಅಂಕಿಗೆ ಅವನ ಹೆಸರನ್ನು ಮತ್ತೆ ಕಟ್ಟಿದಳು. ಅಂಕಿ ಇದ್ದಲ್ಲಿ ಹೆಸರು ಮೂಡಿತು. ಹೊಸ ಪಾಸ್‌ವರ್ಡ್ ಹಾಕೆಂದು ಕೀಬೋರ್ಡ್ ಅವನ ಕಡೆ ಸರಿಸಿ, ಮುಖ ತಿರುಗಿಸಿ ನಿಂತಳು.

ಈ ಸಲ ಒಳಗೆ ಬಿಟ್ಟಿತು.

ಅವನು ಹೆಡ್‌ಫೋನ್ ಹಾಕಿಕೊಂಡು ಮೊದಲು ತನ್ನ ದನಿಯನ್ನೇ ಕೇಳಿದ. ಮಂದ್ರದಲ್ಲಿ ನಿಧಾನವಾಗಿ ಹರಿಯುವ, ತುಂಬಿದ ಕೊಡದಂಥ ದನಿ. ಅದು ಅರ್ಧ ವಾಕ್ಯಕ್ಕೆ ನಿಂತಿತು. ಅವನ ಕೆನ್ನೆ ತೊಯ್ದಿತ್ತು. ಅವಳು ಒರೆಸಲು ಕೈ ಚಾಚಲಿಲ್ಲ. ಆ ಹಕ್ಕನ್ನು ತಾನೇ ಅಳಿಸಿದಂತೆ ಅವಳಿಗನಿಸಿತು.

"ಇನ್ನೊಂದು ಫೈಲ್ ಇದೆಯಲ್ಲ... ಪುಟ್ಟದು?"

"ಅದು... ನಂದು."

ಹೆಡ್‌ಫೋನಿನಲ್ಲಿ ಮೊದಲು ಉಸಿರು ಕೇಳಿಸಿತು. ಕುರ್ಚಿ ಕಿರ್ರೆಂದಿತು. ಆಮೇಲೆ ಒಂದು ಹುಡುಗಿಯ, ಹೆದರಿದ, ಸಂತೋಷದ ದನಿ: "ಹೂಂ. ಬಾ."

ಅವನು ಅದನ್ನು ಮತ್ತೆ ಮತ್ತೆ ಕೇಳಿದ.

"ಮೈಕಿಗೆ ತೀರಾ ಹತ್ತಿರ ಕೂತು ಹೇಳಿದ್ದೀಯ," ಎಂದ, ಕಣ್ಣು ಮುಚ್ಚಿಕೊಂಡೇ. "ಉಸಿರೆಲ್ಲ ಬಿದ್ದಿದೆ."

"ಹೇಳಿಕೊಡೋಕೆ ಯಾರೂ ಇರಲಿಲ್ಲ."

"ಆ ಕಾದಂಬರಿ ಇನ್ನೂ ಅರ್ಧ ಉಳಿದಿದೆ. ನನ್ನ ಕೈಲಿ ಆಗಲ್ಲ. ನೀನು ಓದ್ತೀಯಾ?"

"ನಾನಾ? ತಪ್ಪಾದ್ರೆ?"

"ಪಕ್ಕದಲ್ಲೇ ಕೂತಿರ್ತೀನಿ. ತಿದ್ದೋಣ... ಈ ಸಲ ಕೇಳಿ ಕೇಳಿ ತಿದ್ದೋಣ, ಲೋಕಮಾತೆ."

ಅವಳು ತಲೆಯಾಡಿಸಿದಳು. ಅವನು ತನ್ನ ಕಿವಿ ಮುಟ್ಟಿ ತೋರಿಸಿದ. ಬಾಯಿಬಿಟ್ಟು ಹೇಳು ಎಂಬಂತೆ.

"ಹೂಂ," ಎಂದಳು ಜೋರಾಗಿ. "ಬಾ."

ಆ ಕಾದಂಬರಿ ಮುಗಿಯಿತು. ಮೊದಲರ್ಧ ಅವನ ದನಿ, ಉಳಿದದ್ದು ಅವಳದು. ಕೇಳುಗರು ಈಗಲೂ ಅದನ್ನು ಕೇಳುತ್ತಾರೆ. ಅವರಿಬ್ಬರೂ ಮದುವೆಯಾದರೋ, ಇಲ್ಲವೋ ನನಗೆ ತಿಳಿಯದು. ಕಳೆದುಹೋದ ವರ್ಷಗಳಿಗಾಗಿ ಅವಳು ತನ್ನನ್ನು ಕ್ಷಮಿಸಿಕೊಂಡಳೋ, ಅದೂ ಗೊತ್ತಿಲ್ಲ.