ಆಪೆರಾದ ನಡುವೆ ಒಂದು ‘ವ್ಹಾ!’

“ಯಾರ್ರೀ ಅದು, ವ್ಹಾ ಅಂದಿದ್ದು?”

ಇಂಟರ್‌ವಲ್ ಬಿಟ್ಟದ್ದೇ ತಡ, ರೆಕಾರ್ಡಿಂಗ್ ಮಾಡುತ್ತಿದ್ದವನು ಹೆಡ್‌ಫೋನನ್ನು ಕೊರಳಿಗಿಳಿಸಿಕೊಂಡು ಎರಡನೇ ಸಾಲಿಗೇ ನುಗ್ಗಿ ಬಂದ.

ಅಕ್ಕಪಕ್ಕದವರೆಲ್ಲ ಕೀರ್ತಿಯನ್ನೇ ನೋಡುತ್ತಿದ್ದರು. ಇನ್ನು ತಪ್ಪಿಸಿಕೊಳ್ಳುವುದೆಲ್ಲಿಗೆ!

“ನಾನ ರೀ...”

“ಚಪ್ಪಾಳೆ ತಟ್ಬೇಡಿ ಅಂತ ಬಡ್ಕೊಂಡ್ವಲ್ಲ ಮೇಡಂ!”

“ಚಪ್ಪಾಳಿ ಎಲ್ಲಿ ತಟ್ಟೀನ್ರಿ? ಬರೇ ವ್ಹಾ ಅಂದೀನಿ!”

ಅವನು ಹಣೆ ಚಚ್ಚಿಕೊಂಡು ಹೊರಟುಹೋದ.

ಅದು 2014ರ ಒಂದು ಭಾನುವಾರದ ಬೆಳಗು. ಆರ್.ಟಿ. ನಗರದ ಸಭಾಂಗಣದಲ್ಲಿ ಇಟಲಿಯ ಹಳೆಯ ಆಪೆರಾವೊಂದನ್ನು ವೇಷ, ಪರದೆ ಏನೂ ಇಲ್ಲದೆ ಕಛೇರಿಯಂತೆ ಹಾಡುತ್ತಿದ್ದರು. ಹಾಡುವಾಗಲೇ ರೆಕಾರ್ಡಿಂಗ್. ಮೈಕಿಗೆ ಸದ್ದು ಬೀಳುತ್ತದೆಂದು ಫ್ಯಾನುಗಳನ್ನೂ ಆರಿಸಿ ಜನರನ್ನು ಬೇಯಿಸಿದ್ದರು. ಮುಖ್ಯ ಗಾಯಕಿ ಸರಳಾ ಮೇಡಂ, ಆ ಬಡಾವಣೆಯ ಅರ್ಧ ಮಕ್ಕಳಿಗೆ ಪಿಯಾನೊ ಕಲಿಸಿದವರು. ಇಡೀ ಆಪೆರಾ ಹಾಡಿ ಒಂದು ಸಿ.ಡಿ. ತರಬೇಕೆಂಬುದು ಅವರ ಜೀವಮಾನದ ಆಸೆ. ಕೋರಸ್ಸಿನಲ್ಲಿದ್ದ ತಾಹೆರಾ, ಯಲಹಂಕದ ಕಾಲೇಜಿನಲ್ಲಿ ತನ್ನ ಜೊತೆ ಪಾಠ ಮಾಡುವ ಕೀರ್ತಿಗೂ ಪಾಸು ಕೊಟ್ಟಿದ್ದಳು.

ಪಾಪ, ಕೀರ್ತಿಯದಾದರೂ ಏನು ತಪ್ಪು? ಅವಳು ಧಾರವಾಡದ ತಬಲಾ ಗುರುಪಾದಪ್ಪನವರ ಮಗಳು. ಒಳ್ಳೆಯ ಸ್ವರ ಬಿದ್ದಾಗ ಬಾಯಿ ಮುಚ್ಚಿಕೊಂಡು ಕೂತರೆ ಅವರ ಮನೆಯಲ್ಲಿ ಹಾಡುವವರಿಗೆ ಅವಮಾನ. ಸರಳಾ ಮೇಡಂ ದನಿ ಮೇಲೇರಿ ಏರಿ ತುತ್ತತುದಿಯಲ್ಲಿ ನಿಂತಾಗ ‘ವ್ಹಾ’ ತಾನಾಗಿಯೇ ಹೊರಬಿದ್ದಿತ್ತು. ಭಾಷೆ ತಿಳಿಯದಿದ್ದರೇನು, ಸ್ವರ ತಿಳಿಯುವುದಿಲ್ಲವೇ!

ಆದರೂ ಮನಸ್ಸು ಚುಚ್ಚುತ್ತಿತ್ತು. ‘ಅವರ ಆಸೀಗೆ ನಾನ ಕಲ್ಲು ಹಾಕಿದ್ನೇನು...’

ಮುಂದಿನ ಶನಿವಾರ ತಾಹೆರಾಳಿಂದ ವಿಳಾಸ ಪಡೆದು, ಆ ರೆಕಾರ್ಡಿಂಗಿನವನ ಕ್ಷಮೆ ಕೇಳಲು ಕೊಡಿಗೇಹಳ್ಳಿಗೆ ಹೋದಳು. ಹಳೇ ಮನೆಯ ಹಿಂದಿನ ಕೋಣೆಯೇ ರಘುನಾಥನ ಸ್ಟುಡಿಯೊ. ಅವತ್ತಿನ ಸಿಡುಕು ಮೋರೆ ಇವತ್ತು ನಗುತ್ತಿತ್ತು!

“ರಿಹರ್ಸಲ್ಲೂ ರೆಕಾರ್ಡ್ ಆಗಿದೆ ಕಣ್ರೀ. ಆ ತುಂಡು ಇಲ್ಲಿ ಸೇರಿಸಿದ್ರೆ ನಿಮ್ ವ್ಹಾ ಮಾಯ. ಕೆಡ್ಸಿದ್ದು ನೀವೇ, ಸರಿಯಾಯ್ತಾ ಅಂತ ಕೇಳಿ ಹೇಳ್ಬೇಕಾದೋರೂ ನೀವೇ. ಕೂತ್ಕೊಳ್ಳಿ.”

ಕೂತಳು. ಅವನ ತಾಯಿ ಸೊಣ್ಣಮ್ಮ ಕಾಫಿ, ನಿಪ್ಪಟ್ಟು ತಂದಿಟ್ಟರು. ಮತ್ತೊಂದು ಶನಿವಾರ ಬಂತು, ಮತ್ತೊಂದು... ಆಪೆರಾ ಕೇಳುವ ನೆಪ, ಮಾತು ಊರೆಲ್ಲದ್ದು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತರೆ ಕೀರ್ತಿಗೆ ಜೀವವೇ ನಿಂತಂತಾಗುತ್ತಿತ್ತು. ‘ಇವತ್ತ ಹೇಳೇ ಬಿಡ್ತೀನಿ’ ಎಂದುಕೊಳ್ಳುವಳು. ಅವನ ಮುಖ ಕಂಡರೆ ಬಾಯಿ ಕಟ್ಟುತ್ತಿತ್ತು.

ಒಂದು ಶನಿವಾರ ಸ್ವಲ್ಪ ಬೇಗ ಬಂದಳು. ಅರೆ ತೆರೆದ ಬಾಗಿಲ ಹಿಂದೆ ಅವಳದೇ ದನಿ!

“ವ್ಹಾ!... ವ್ಹಾ!... ವ್ಹಾ!...”

ಬೆನ್ನಿಗೇ ಒಳಗಿಂದ ಗೊಳ್ಳೆಂದು ನಗು.

ಕೀರ್ತಿಯ ಕಣ್ಣು ತುಂಬಿತು. ‘ನನ್ನ ದನಿ ಇವರಿಗೆ ತಮಾಷಿ ಆತಲ್ಲ... ನಾನರೆ ಎಂಥಾ ಹುಚ್ಚಿ!’ ಬಂದ ದಾರಿಗೆ ಸುಂಕವಿಲ್ಲವೆಂದು ಸದ್ದಿಲ್ಲದೆ ತಿರುಗಿದಳು. ಆಮೇಲೆ ಅವನ ಒಂದು ಫೋನನ್ನೂ ಎತ್ತಲಿಲ್ಲ. ಎತ್ತದೇ ಇದ್ದದ್ದಕ್ಕೆ ಅತ್ತಳು, ಅದು ಬೇರೆ ಮಾತು!

ಸಿ.ಡಿ. ಬಿಡುಗಡೆ ಅದೇ ಸಭಾಂಗಣದಲ್ಲಿ. “ನೀನ್ ಬರ್ಲಿಲ್ಲ ಅಂದ್ರೆ ನಾನೂ ಹೋಗಲ್ಲ ಕಣೇ” ಎಂದು ತಾಹೆರಾ ಎಳೆದು ತಂದಳು. ಈ ಸಲ ಫ್ಯಾನುಗಳು ತಿರುಗುತ್ತಿದ್ದವು.

ಅದೇ ಹಾಡು ಹಾಕಿದರು. ದನಿ ಮೇಲೇರಿತು... ಇನ್ನೂ ಏರಿತು... ತುತ್ತತುದಿಯಲ್ಲಿ ನಿಂತಿತು.

“ವ್ಹಾ!”

ಸಭೆಯೆಲ್ಲ ನಕ್ಕಿತು. ಕೀರ್ತಿ ಮುಖ ಮುಚ್ಚಿಕೊಂಡಳು. ತೆಗೆದೇ ಇಲ್ಲವಲ್ಲ!

ಸರಳಾ ಮೇಡಂ ಮೈಕು ಹಿಡಿದರು. “ನಗ್ಬೇಡಿ. ರಘು ಅದನ್ನ ಅಳಿಸ್ದೆ ಹಾಗೇ ಬಿಡ್ಲಾ ಅಂತ ಕೇಳ್ದ, ನಾನೂ ಬಿಡು ಅಂದೆ. ಅವತ್ತು ಆ ಸ್ವರದಲ್ಲಿ ನನ್ನ ಉಸಿರೇ ಮುಗೀತು ಅಂದ್ಕೊಂಡಿದ್ದೆ. ಯಾರೋ ವ್ಹಾ ಅಂದ್ರು ನೋಡಿ... ಮುಂದಿನದೆಲ್ಲಾ ಹಾಡಿದ್ದು ಆ ಧೈರ್ಯದಲ್ಲೇ.”

ಚಪ್ಪಾಳೆಯೋ ಚಪ್ಪಾಳೆ! ಕೀರ್ತಿ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಓಡಿದಳು. ಮೆಟ್ಟಿಲ ಬಳಿ ರಘುನಾಥ ಅಡ್ಡ ನಿಂತ.

“ಫೋನ್ ಯಾಕ್ರೀ ಎತ್ತಲಿಲ್ಲ?”

“ನನ್ನ ದನಿ ಹಚ್ಚಿ ಹಚ್ಚಿ ನಗತಿದ್ರಲ್ಲ! ಬಾಗಲ್ದಾಗ ನಿಂತು ಕೇಳೀನಿ.”

ಅವನು ಹಣೆ ಚಚ್ಚಿಕೊಂಡ, ಥೇಟು ಮೊದಲ ದಿನದಂತೆ.

“ಅಯ್ಯೋ! ನಕ್ಕಿದ್ದು ಅಮ್ಮ ಕಣ್ರೀ, ನನ್ನ ನೋಡಿ! ಅಳಿಸೋಣ ಅಂತ ಕೂತೆ, ಕೈ ಬರ್ಲಿಲ್ಲ. ಬರೀ ಕೇಳ್ತಾನೇ ಇದ್ದೆ. ‘ದಿನಾ ಇಂಗೆ ಕೇಳ್ತಾ ಕೂರೋ ಬದ್ಲು ಆ ಉಡ್ಗೀನೇ ಮನೇಗ್ ಕರ್ಕೊಂಡ್ ಬಂದ್ಬಿಡಪ್ಪ’ ಅಂತ ನಕ್ಕಳು.”

ಕೀರ್ತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ನಂಗೂ ಅದೇ ಆಸೆ,” ಅವನ ದನಿ ತಗ್ಗಿತು. “ಬರೀ ಶನಿವಾರಕ್ಕಲ್ಲ ಕೀರ್ತಿ... ಯಾವಾಗ್ಲೂ ಇರೋಕೆ. ಬರ್ತೀರಾ?”

ಅವಳು ಒಳಗಿನ ಸಭೆಯತ್ತ ಒಮ್ಮೆ ತಿರುಗಿ ನೋಡಿದಳು.

“ಏನಾದ್ರೂ ಹೇಳ್ರೀ... ಭಯ ಆಗ್ತಿದೆ.”

ಅವಳು ಅವನ ಕೊರಳಲ್ಲಿದ್ದ ಹೆಡ್‌ಫೋನಿನತ್ತ ನೋಡಿದಳು. “ಈಗ ರೆಕಾರ್ಡಿಂಗ್ ಏನರ ನಡದದೇನ್ರಿ?”

“ಇಲ್ವಲ್ಲ... ಯಾಕೆ?”

ಕೀರ್ತಿ ಅವನ ಕೈ ಹಿಡಿದುಕೊಂಡು, ಅವನ ಕಿವಿಗಷ್ಟೇ ಕೇಳುವಂತೆ ಮೆಲ್ಲಗೆ ಹೇಳಿದಳು.

“ವ್ಹಾ!”