ಬೊಳ್ಳುವಿನ ಪಾಲು

"ಮನೇಲಿ ಯಾರಾದ್ರೂ ಇವನಿಗೆ ಸ್ಟೀರಾಯ್ಡ್ ಮಾತ್ರೆ ಕೊಡ್ತಿದ್ದೀರಾ?"

ಡಾಕ್ಟರ್ ಪ್ರಜ್ಞೇಶ್ ಕೇಳಿದ್ದು ಮೆಲ್ಲಗೇ. ಆದರೂ ನಿಶ್ಮಿತಾಳ ಎಡಹುಬ್ಬು ಸರ್ರನೆ ಮೇಲೇರಿತು.

"ನಾವೇನು ನಾಯಿನ ಓಟದ ಪಂದ್ಯಕ್ಕೆ ಬಿಡ್ತಿಲ್ಲ ಡಾಕ್ಟ್ರೇ. ಅವನ ಹೊಟ್ಟೆಗೆ ಎಂತ ಹೋಗ್ತದೆ ಅಂತ ನಂಗೆ ಗೊತ್ತಿಲ್ವಾ?"

ಅವನು ನಾಯಿಯ ರಕ್ತದ ರಿಪೋರ್ಟ್ ಬಿಟ್ಟು ಆ ಹುಬ್ಬನ್ನೇ ನೋಡುತ್ತಿದ್ದ. ಅದು ಗೊತ್ತಾಗಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅಮ್ಮತ್ತಿ ಪೇಟೆಯ ಆ ಚಿಕ್ಕ ಕ್ಲಿನಿಕ್ಕಿನ ಮೇಜಿನ ಕೆಳಗೆ ಬೊಳ್ಳು ಏದುಸಿರು ಬಿಡುತ್ತಾ ಮಲಗಿದ್ದ. ಬಿಳಿ ಮೈ, ಮುದಿ ಕಾಲು, ಈಚೆಗೆ ಜೋತುಬಿದ್ದ ಹೊಟ್ಟೆ. ಬಕೆಟ್ಟುಗಟ್ಟಲೆ ನೀರು ಕುಡಿದರೂ ದಾಹ ತೀರದು. ಮರಿಯಾಗಿದ್ದಾಗ ಅವನನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದವರು ಅವಳ ಅಪ್ಪ ಪದ್ಮಯ್ಯ. ಅಪ್ಪ ತೀರಿಕೊಂಡ ಮೇಲೆ ಅವ್ವ ಪೂವಮ್ಮ ದಿನವಿಡೀ ಮಾತಾಡುವುದು ಬೊಳ್ಳುವಿನ ಜೊತೆಗೇ. ಅವನಿಗೇನಾದರೂ ಆದರೆ ಅವ್ವ ಉಳಿಯುವುದಿಲ್ಲ ಎಂಬ ಹೆದರಿಕೆ ನಿಶ್ಮಿತಾಳಿಗೆ. ಸಿಟ್ಟಿನ ಅಡಿಯಲ್ಲಿದ್ದದ್ದು ಅದೇ.

"ಲಿವರ್ ಹೋಗಿದ್ಯಾ?" ಎಂದಳು. ದನಿ ತಗ್ಗಿತ್ತು.

ಪ್ರಜ್ಞೇಶ್ ಕುರ್ಚಿ ಎಳೆದು ಅವಳ ಪಕ್ಕವೇ ಕೂತು ರಿಪೋರ್ಟಿನ ಮೇಲೆ ಪೆನ್ನು ಇಟ್ಟ. "ಇದು ಎ.ಎಲ್.ಪಿ., ಲಿವರಿನ ಒಂದು ಕಿಣ್ವ. ಇರ್ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಇದೊಂದನ್ನೇ ನೋಡಿದ್ರೆ ಲಿವರ್ ಕೆಟ್ಟಿದೆ ಅನ್ಬೇಕು. ಆದ್ರೆ ಕೆಳಗೆ ನೋಡಿ. ಬಿಲಿರುಬಿನ್ ಸರಿ, ಆಲ್ಬುಮಿನ್ ಸರಿ, ಸಕ್ಕರೆ ಸರಿ. ಕೆಟ್ಟ ಲಿವರ್ ಇಷ್ಟು ನೀಟಾಗಿ ಕೆಲಸ ಮಾಡಲ್ಲ. ನಾಯಿಗೆ ಸ್ಟೀರಾಯ್ಡ್ ಹೋದ್ರೆ ಎ.ಎಲ್.ಪಿ. ಹೀಗೆ ಏರ್ತದೆ, ಅದಕ್ಕೇ ಕೇಳಿದ್ದು. ಇವನ ಲಿವರ್ ಸುಮ್ಮನೆ ಕೂಗಾಡ್ತಾ ಇದೆ, ಕೆಲಸ ಮಾತ್ರ ಬಿಟ್ಟಿಲ್ಲ. ಕೆಲವರು ಇರ್ತಾರಲ್ಲ, ಹಾಗೆ."

"ಯಾರನ್ನ ಹೇಳ್ತಿದ್ದೀರಿ?"

"ಲಿವರನ್ನ."

ಅವನ ತುಟಿಯಂಚಿನಲ್ಲಿ ನಗು ಇತ್ತು. ಅವಳು ಅದನ್ನು ನೋಡದವಳಂತೆ ಬೊಳ್ಳುವಿನ ಕಿವಿ ಸವರಿದಳು.

ಗಟ್ಟಿ ಮಾಡಿಕೊಳ್ಳಲು ಇನ್ನೊಂದು ಪರೀಕ್ಷೆ ಬೇಕು ಎಂದ. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ, ಊಟ ಮಾಡಿಸಿ ಎರಡು ಗಂಟೆ ಬಿಟ್ಟು ಇನ್ನೊಮ್ಮೆ. ಎರಡನ್ನೂ ಮೈಸೂರಿನ ಲ್ಯಾಬಿಗೆ ಕಳಿಸಬೇಕು. ಮೊದಲ ರಕ್ತ ತೆಗೆಯುವಾಗ ಬೊಳ್ಳು ಸುಮ್ಮನಿದ್ದ. ಕಣ್ಣು ಮುಚ್ಚಿಕೊಂಡವಳು ನಿಶ್ಮಿತಾ.

ಊಟದ ಹೊತ್ತಿಗೆ ಬೊಳ್ಳು ಹಟ ಹಿಡಿದ. ಕ್ಲಿನಿಕ್ಕಿನ ಡಬ್ಬಿ ಆಹಾರವನ್ನು ಮೂಸಿ ಮುಖ ತಿರುವಿದ.

"ಅವ್ವ ಕೊಟ್ಟದ್ದು ಉಂಟು," ಎಂದು ನಿಶ್ಮಿತಾ ಸ್ಟೀಲ್ ಡಬ್ಬಿ ಬಿಚ್ಚಿದಳು. ಬೆಳಿಗ್ಗೆ ಬೇಯಿಸಿದ ಕಡಂಬುಟ್ಟು, ಅಕ್ಕಿತರಿಯ ದುಂಡನೆಯ ಉಂಡೆಗಳು. ಪ್ರಜ್ಞೇಶ್ ಒಂದನ್ನು ತೆಗೆದು ಬೊಳ್ಳುವಿಗೆ ಕೊಡಲೆಂದು ಮುರಿದ.

ಒಳಗಿನಿಂದ ಏನೋ ಅವನ ಅಂಗೈಗೆ ಬಿತ್ತು. ಬೆಳ್ಳನೆಯ ಅರ್ಧ ಮಾತ್ರೆ.

ಇಬ್ಬರೂ ಅದನ್ನೇ ನೋಡಿದರು. ಬೊಳ್ಳು ಮಾತ್ರ ಕಡಂಬುಟ್ಟನ್ನು ನೋಡಿದ.

"ಇದು..." ನಿಶ್ಮಿತಾ ಬಗ್ಗಿ ನೋಡಿದಳು. "ಇದು ಅವ್ವನ ಮಂಡಿನೋವಿನ ಮಾತ್ರೆ."

"ಸ್ಟೀರಾಯ್ಡ್," ಎಂದ ಪ್ರಜ್ಞೇಶ್. ನಾನು ಆಗಲೇ ಹೇಳಲಿಲ್ಲವೇ ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಮಾತ್ರೆಯನ್ನು ಮತ್ತೆ ಉಂಡೆಯೊಳಗೆ ಒತ್ತಿ ಬೊಳ್ಳುವಿಗೇ ತಿನ್ನಿಸಿದ. "ಇದನ್ನ ಒಮ್ಮೆಲೇ ನಿಲ್ಲಿಸಿದ್ರೆ ಅಪಾಯ. ಮೆಲ್ಲ ಮೆಲ್ಲ ಇಳಿಸ್ಬೇಕು."

ಆಮೇಲಿನ ಎರಡು ಗಂಟೆ ನಿಶ್ಮಿತಾಳಿಗೆ ತಲೆ ಎತ್ತಲಾಗಲಿಲ್ಲ. ಅವನೇ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟ. ಅವಳ ಕೆಲಸವೇ ಕಾಫಿಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿಯ ರುಚಿ ನೋಡುವುದು. ಅಭ್ಯಾಸಬಲದಿಂದ ಸೊರ್ರನೆ ಸದ್ದು ಮಾಡಿ ಎಳೆದಳು, ಎಳೆದ ಮೇಲೆ ನಾಚಿದಳು.

"ಎಷ್ಟು ಮಾರ್ಕ್ಸ್?"

"ಚಿಕೋರಿ ಜಾಸ್ತಿ. ಹತ್ತಕ್ಕೆ ಮೂರು."

"ಪಾಸಾಗಕ್ಕೆ ಎಂತ ಮಾಡ್ಬೇಕು?"

"ಇನ್ನೊಮ್ಮೆ ಪರೀಕ್ಷೆ ಬರೀಬೇಕು," ಎಂದು ಅವಳು ಕೊನೆಗೂ ತಲೆ ಎತ್ತಿದಳು. "ಆಗ ರೇಗಿದ್ದಕ್ಕೆ ಸಾರಿ ಡಾಕ್ಟ್ರೇ."

"ಇರ್ಲಿ ಬಿಡಿ. ಹುಬ್ಬು ಚೆನ್ನಾಗಿತ್ತು."

ಎರಡನೆಯ ರಕ್ತ ತೆಗೆದಾದ ಮೇಲೆ ಅವ್ವನನ್ನು ಕಾಣಲು ಪ್ರಜ್ಞೇಶನೂ ಅವಳ ಜೀಪು ಹತ್ತಿದ. ಅವ್ವನಿಗೆ ಹೇಳಬೇಕಾದ್ದನ್ನೆಲ್ಲ ನಿಶ್ಮಿತಾ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಳು. ಕಾಫಿ ಒಣಹಾಕಿದ ಕಣದ ಬದಿಯಲ್ಲಿ ಕುರ್ಚಿ ಹಾಕಿಕೊಂಡಿದ್ದ ಪೂವಮ್ಮ, ಡಬ್ಬಿಯ ಇನ್ನೊಂದು ಉಂಡೆಯಲ್ಲಿ ಸಿಕ್ಕ, ಸಂಜೆಯ ಪಾಲಿನ ಅರ್ಧ ಮಾತ್ರೆಯನ್ನು ಮಗಳ ಅಂಗೈಯಲ್ಲಿ ನೋಡಿ ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನಂತೆ ಮುಖ ಸಣ್ಣ ಮಾಡಿಕೊಂಡರು.

"ಅವಂಗೂ ಕಾಲ್ ನೋವು, ನಂಗೂ ಕಾಲ್ ನೋವು. ನಾನೊಬ್ಬಳೇ ತಿಂದ್ರೆ ಹೇಂಗೆ? ಅದ್ಕೆ ಅರ್ಧ ಅವಂಗೆ, ಅರ್ಧ ನಂಗೆ. ನಿನ್ನ ಅಪ್ಪ ಇದ್ದಾಗ ತಟ್ಟೇಲಿದ್ದದ್ರಲ್ಲಿ ಅರ್ಧ ಅವಂಗೇ ಹಾಕ್ತಿದ್ರಲ್ಲ. ನಾ ಬೇರೆ ಎಂತ ಮಾಡ್ದೆ?"

ಬಾಯಿಪಾಠವೆಲ್ಲ ನಿಶ್ಮಿತಾಳಿಗೆ ಮರೆತುಹೋಯಿತು. ಪ್ರಜ್ಞೇಶ್ ಕಣದ ನೆಲದಲ್ಲೇ ಮಂಡಿಯೂರಿ ಕೂತು ಪೂವಮ್ಮನ ಕೈ ಹಿಡಿದ.

"ಅವ್ವ, ಹಂಚಿದ್ದು ತಪ್ಪಲ್ಲ. ಮಾತ್ರೆ ಒಂದನ್ನ ಮಾತ್ರ ಹಂಚ್ಬೇಡಿ. ಆ ಅರ್ಧ ನಿಮಗೆ ಸಾಲದು, ಅವನಿಗೆ ಹೆಚ್ಚು. ನಿಮ್ಮ ಡಾಕ್ಟ್ರಿಗೆ ಇದ್ದದ್ದನ್ನ ಇದ್ದ ಹಾಗೆ ಹೇಳಿ. ಬೊಳ್ಳುನ ನಂಗೆ ಬಿಡಿ."

"ಉಳೀತಾನಾ?" ಎಂದರು ಪೂವಮ್ಮ.

"ಉಳೀತಾನೆ ಅಂತಲೇ ಅವನ ರಕ್ತ ಹೇಳ್ತಾ ಇದೆ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನ ಪ್ಯಾಂಟಿನ ಮಂಡಿಗೆ ಕಾಫಿ ಸಿಪ್ಪೆ ಮೆತ್ತಿತ್ತು. ಅದನ್ನು ನೋಡುತ್ತಾ ನಿಂತ ನಿಶ್ಮಿತಾಳಿಗೆ ತಾನು ಇವನನ್ನು ಪ್ರೀತಿಸುತ್ತಿದ್ದೇನೆ ಎಂಬುದು ಸ್ಪಷ್ಟವಾಗಿ ಗೊತ್ತಾಯಿತು.

ಮೈಸೂರಿನ ರಿಪೋರ್ಟೂ ಅವನ ಮಾತನ್ನೇ ಹೇಳಿತು. ಮಾತ್ರೆ ಇಳಿಯುತ್ತಾ ಬಂದಂತೆ ಎ.ಎಲ್.ಪಿ.ಯೂ ಇಳಿಯಿತು, ಬೊಳ್ಳುವಿನ ಹೊಟ್ಟೆಯೂ ಇಳಿಯಿತು. ಪೂರ್ತಿ ಮಾತ್ರೆ ತಿಂದು ಪೂವಮ್ಮ ಕೋಲಿಲ್ಲದೆ ಕಣ ಸುತ್ತಿದರು. ಕ್ಲಿನಿಕ್ಕಿಗೆ ಹೋದಾಗಲೆಲ್ಲ ಕಾಫಿ, ಕಾಫಿಗೆ ಮಾರ್ಕ್ಸ್. ಮೂರಿದ್ದದ್ದು ಏಳಕ್ಕೇರಿತ್ತು.

ಹಾಗೊಂದು ದಿನ ಪ್ರಜ್ಞೇಶ್ ಹೊಸ ರಿಪೋರ್ಟ್ ಮಡಚುತ್ತಾ, "ಎಲ್ಲ ನಾರ್ಮಲ್. ಇನ್ನು ಇವನು ಬರೋದು ಬೇಡ," ಎಂದ.

ಎಷ್ಟು ಖುಷಿಪಡಬೇಕಿತ್ತು ಅವಳು! ಅರ್ಧ ಕುಡಿದ ಕಾಫಿಯನ್ನು ಮೇಜಿನ ಮೇಲಿಟ್ಟುಬಿಟ್ಟಳು.

"ಇವತ್ತು ಎಷ್ಟು ಮಾರ್ಕ್ಸ್?"

"ಹೇಳಲ್ಲ," ಎಂದು ಬೊಳ್ಳುವಿನ ಬೆಲ್ಟ್ ಹಿಡಿದು ಹೊರಟುಬಿಟ್ಟಳು.

ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಬೈಕಿನ ಸದ್ದಾಯಿತು. ಬೊಳ್ಳು ಬಾಲ ಆಡಿಸುತ್ತಾ ಓಡಿದ. ಅವಳಿಗೂ ಓಡಬೇಕೆನಿಸಿತು, ಬಾಗಿಲಲ್ಲೇ ನಿಂತಳು. ಊಟಕ್ಕೆ ಕೂರಿಸಿದ ಪೂವಮ್ಮ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ ಬಡಿಸಿದರು. ಪ್ರಜ್ಞೇಶ್ ಉಂಡೆ ಮುರಿದು ಒಳಗೆ ಇಣುಕಿದ.

"ಎಂತ ಹುಡುಕ್ತಿದ್ದೀರಿ?" ಎಂದರು ಪೂವಮ್ಮ.

"ಅಭ್ಯಾಸ ಆಗಿಹೋಯ್ತು ಅವ್ವ."

ಅವರು ನಗುತ್ತಾ ಸಾರು ತರಲು ಒಳಗೆ ಹೋದರು. ಸಾರು ಮೇಜಿನ ಮೇಲೆಯೇ ಇತ್ತು.

"ಬರೋದು ಬೇಡ ಅಂದವರು ನೀವೇ," ಎಂದಳು ನಿಶ್ಮಿತಾ ತಟ್ಟೆ ನೋಡುತ್ತಾ.

"ಅದು ಬೊಳ್ಳುಗೆ ಹೇಳಿದ್ದು."

"ಮತ್ತೆ ನಂಗೆ?"

ಅವನ ನಗು ನಿಂತಿತು. "ನೀವು ದಿನಾ ಬರ್ಬೇಕು. ಇಲ್ಲ, ನಾನೇ ದಿನಾ ಇಲ್ಲಿಗೆ ಬರ್ಬೇಕು. ನೀವು ಸೊರ್ ಅನ್ನದೆ ನಂಗೆ ಕಾಫಿ ಸೇರ್ತಿಲ್ಲ. ನನ್ನ ಮದುವೆ ಆಗ್ತೀರಾ ನಿಶ್ಮಿತಾ?"

ಅವಳ ಎಡಹುಬ್ಬು ಏರಿತು. ಈ ಸಲ ಸಿಟ್ಟಿಗಲ್ಲ. ತನ್ನ ತಟ್ಟೆಯ ಕಡಂಬುಟ್ಟನ್ನು ಎತ್ತಿ ಸರಿಯಾಗಿ ನಡುವೆ ಮುರಿದು ಅರ್ಧವನ್ನು ಅವನ ತಟ್ಟೆಗೆ ಹಾಕಿದಳು. ಅವನು ಅದನ್ನು ಒಡೆದು ನೋಡಲಿಲ್ಲ, ಹಾಗೆಯೇ ಬಾಯಿಗಿಟ್ಟುಕೊಂಡ.

ಮೇಜಿನ ಕೆಳಗಿನಿಂದ ಒಂದು ಒದ್ದೆ ಮೂಗು ಅವಳ ಮಂಡಿಗೆ ತಾಗಿತು. ಉಳಿದ ಅರ್ಧದಲ್ಲಿ ಅರ್ಧ ಮುರಿದು ಅವಳು ಕೆಳಗೆ ಹಿಡಿದಳು.