ಬೋರ್ಡಿನಲ್ಲಿ ಒಂದು, ಬಂಡಿಯಲ್ಲಿ ಒಂದು

ಅರಿಶಿಣ-ಕುಂಕುಮಕ್ಕೆ ಎಂಬತ್ತು ಮಂದಿ ಗಂಡಸರು ಬಂದು ಕೂತರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಅದು ಸಾವಿರದ ಒಂಬೈನೂರ ಐವತ್ಮೂರನೇ ಇಸವಿ. ಮಸ್ಕಿಯ ಹಳೇ ಹತ್ತಿ ಗೋದಾಮಿನಲ್ಲಿ ಊರವರೇ ಸಂಘ ಕಟ್ಟಿಕೊಂಡು ಟಾಕೀಸು ನಡೆಸುತ್ತಿದ್ದರು. ವಾರಕ್ಕೆ ಮೂರು ಆಟ. ಉಳಿದ ದಿನ ಭಜನೆ, ಮಕ್ಕಳ ನಾಟಕ, ಹೆಣ್ಣುಮಕ್ಕಳ ಕಾರ್ಯಕ್ರಮ. ನಾನು ಕನ್ಯಾಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಕಸ್ತೂರೆಮ್ಮನ ಅಕ್ಷರ ದುಂಡಗಿವೆ ಎಂದು, ಬರುವ ವಾರ ಏನೇನಿದೆ ಎಂಬುದನ್ನೆಲ್ಲ ಬಾಗಿಲ ಬಳಿಯ ಕರಿ ಬೋರ್ಡಿನ ಮೇಲೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಅದನ್ನು ನೋಡಿಕೊಂಡು, ಎತ್ತಿನ ಬಂಡಿಯಲ್ಲಿ ನಿಂತು, ತಗಡಿನ ಭೋಂಗಾದಲ್ಲಿ ಊರಿಗೆಲ್ಲ ಸಾರುವ ಕೆಲಸ ಮರಿಸ್ವಾಮಿಯದು.

ನಾನು ಬರೆದದ್ದು: ಬುಧವಾರ ಅರಿಶಿಣ-ಕುಂಕುಮ, ಹೆಣ್ಣುಮಕ್ಕಳಿಗೆ ಮಾತ್ರ. ಅವನು ಸಾರಿದ್ದು: ಬುಧವಾರ ಕತ್ತಿವರಸೆಯ ಪಿಕ್ಚರ್, ಪುಕ್ಕಟೆ! ನಮ್ಮ ಹೆಣ್ಣುಮಕ್ಕಳು ತಟ್ಟೆ ಹಿಡಿದು ಬಿಸಿಲಲ್ಲಿ ನಿಂತರು. ಒಳಗೆ ಗಂಡಸರು ಬೀಡಿ ಸೇದುತ್ತ ಸೀಟಿ ಹೊಡೆಯುತ್ತಿದ್ದರು.

“ಬೋರ್ಡ್ ನೋಡಿದ್ರೇನ್ರಿ?” ಎಂದು ನಾನು ಅವನನ್ನು ಬಾಗಿಲಲ್ಲೇ ಹಿಡಿದೆ.

“ನೋಡೀನ್ರಿ ಅಕ್ಕೋರ. ಭಾಳ ಚಂದ ಬರ್ದೀರಿ.”

“ಚಂದ ಐತೋ ಇಲ್ಲೋ ಅಂತ ನಾ ಕೇಳ್ಲಿಲ್ಲ. ಏನ್ ಬರ್ದೈತಿ ನೋಡಿದ್ರೇನು?”

ಅವನು ಬೋರ್ಡಿನ ಕಡೆ ನೋಡಿದ, ನನ್ನ ಕಡೆ ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ. “ತಪ್ಪಾತ್ರಿ,” ಎಂದ. ಎತ್ತರದ ಆಳು, ಗಂಟಲು ತೆರೆದರೆ ಅರ್ಧ ಊರಿಗೆ ಕೇಳುವ ದನಿ. ತಪ್ಪಾತ್ರಿ ಎನ್ನುವಾಗ ಮಾತ್ರ ಆ ದನಿ ಎಲ್ಲಿಗೆ ಹೋಯಿತೋ.

ಮುಂದಿನ ವಾರ ಪಿಕ್ಚರ್ ಇದ್ದ ದಿನ ಭಜನೆ ಎಂದು ಸಾರಿದ. ಜನ ತಾಳ, ಹಾರ್ಮೋನಿಯಂ ಹೊತ್ತು ಬಂದರು. ಅದರ ಮುಂದಿನ ವಾರ ಇನ್ನೊಂದು. ಬೇಕೆಂದೇ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಇಷ್ಟಾದರೂ ಬಂಡಿ ಶಾಲೆಯ ಮುಂದೆ ಹಾಯುವಾಗ ನಾನು ಮಗ್ಗಿ ಹೇಳಿಸುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದೆ. ತಪ್ಪು ಹಿಡಿಯುವುದಕ್ಕೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ಶುಕ್ರವಾರ ಸಿಟ್ಟು ನೆತ್ತಿಗೇರಿತು. ಕಾರ್ಯಕ್ರಮವನ್ನೆಲ್ಲ ಒರೆಸಿ ದೊಡ್ಡದಾಗಿ ಬರೆದೆ: “ಬಂಡಿ ಮರಿಸ್ವಾಮಿಗೆ ಕಣ್ಣೂ ಇಲ್ಲ, ಬುದ್ಧಿಯೂ ಇಲ್ಲ.” ಬರೆದು ಬಾಗಿಲ ಹಿಂದೆ ನಿಂತೆ.

ಅವನು ಬಂದ. ಬೋರ್ಡಿನ ಮುಂದೆ ಕೈಕಟ್ಟಿ ನಿಂತು, ಎಡದಿಂದ ಬಲಕ್ಕೆ ನಿಧಾನವಾಗಿ ಕಣ್ಣು ಆಡಿಸಿದ. ಸಂತೆಗೆ ಬಂದವರು ನಾಲ್ಕಾರು ಮಂದಿ ಹಿಂದೆ ನಿಂತು ಕಿಸಿಕಿಸಿ ನಗಹತ್ತಿದರು. ನನ್ನನ್ನು ಕಂಡು ಅವನು ತಲೆಯಾಡಿಸಿದ. “ಈ ಸಲ ಎಲ್ಲಾ ತಲ್ಯಾಗ ಕುಂತೈತ್ರಿ ಅಕ್ಕೋರ. ತಪ್ಪಂಗಿಲ್ಲ,” ಎಂದು ಬಂಡಿ ಹತ್ತಿದ.

ನನ್ನ ಕೈಯ ಸುಣ್ಣದ ಕಡ್ಡಿ ಕೆಳಗೆ ಬಿತ್ತು. ನೆಲ ಬಾಯಿ ತೆರೆದಿದ್ದರೆ ಒಳಗೆ ಹೋಗುತ್ತಿದ್ದೆ. ಸೆರಗಿನಿಂದಲೇ ಬೋರ್ಡು ಒರೆಸಿ, ಶಾಲೆಯ ಅಕ್ಕೋರು ಎಂಬುದನ್ನೂ ಮರೆತು ಬಂಡಿಯ ಹಿಂದೆ ಓಡಿದೆ.

“ನಿಲ್ರಿ! ನಿಮಗ ಓದಾಕ ಬರಂಗಿಲ್ಲೇನು?”

ಅವನು ಬಂಡಿ ನಿಲ್ಲಿಸಿ ಕೆಳಗಿಳಿದ. “ಬರ್ತೈತ್ರಿ. ಉರ್ದು ಬರ್ತೈತಿ. ನಿಜಾಮನ ಕಾಲದಾಗ ನಮ್ಮ ಸಾಲ್ಯಾಗ ಅದೇ ಇತ್ತು. ಏಳನೇತ್ತಾ ಪಾಸಾಗೀನಿ, ಊರಾಗಿನ ಅರ್ಜಿ ಎಲ್ಲಾ ನಾನೇ ಬರೀತಿದ್ದೆ. ಆಮ್ಯಾಲ ಬೋರ್ಡೆಲ್ಲಾ ಕನ್ನಡ ಆದ್ವು. ನಾ ಹೆಬ್ಬೆಟ್ಟಾದೆ.”

“ಹಂಗಾರ ಇಷ್ಟು ದಿನ ಏನ್ ಸಾರಿದ್ರಿ?”

“ರೀಲಿನ ಡಬ್ಬಿ ಬಂದ್ರ ಪಿಕ್ಚರ್ ಅಂತ ಸಾರ್ತಿದ್ದೆ. ಟಿಕೀಟಿನ ಮಾತು ಯಾರೂ ಎತ್ತದಿದ್ರ ಪುಕ್ಕಟೆ. ಡಬ್ಬಿ ಬರ್ಲಿಲ್ಲಂದ್ರ ಭಜನಿ.”

“ನನ್ನ ಕೇಳಾಕ ಏನಾಗಿತ್ತು?”

“ನಿಮ್ಮನ್ನ?” ಎಂದ. ಕಿವಿ ಕೆಂಪಾಗಿದ್ದವು. ನನಗೆ ಬೈಯಬೇಕೆನಿಸಿತು, ಅಳುವೂ ಬಂತು.

ಅಂದಿನಿಂದ ಪ್ರತಿ ಶುಕ್ರವಾರ ಶಾಲೆ ಬಿಟ್ಟ ಮೇಲೆ ಗೋದಾಮಿನಲ್ಲಿ ನಮ್ಮ ಪಾಠ. ಕಸ ಗುಡಿಸುವ ಗಿರಿಯಮ್ಮ ನಮ್ಮಿಬ್ಬರ ನಡುವೆ ಕೂತು ದೀಪದ ಬತ್ತಿ ಹೊಸೆಯುತ್ತಿದ್ದಳು. ಮೊದಲು ನಾನು ಕಾರ್ಯಕ್ರಮ ಓದುವುದು, ಅವನು ತನ್ನ ಪುಸ್ತಕದಲ್ಲಿ ಉರ್ದುವಿನಲ್ಲಿ ಸರಸರ ಬರೆದುಕೊಳ್ಳುವುದು. ಆಮೇಲೆ ಕನ್ನಡ ಅಕ್ಷರ. ‘ಕ’ ಬರೆದು ನನ್ನ ಮುಖ ನೋಡುವನು, ‘ಖ’ ಬರೆದು ಮತ್ತೆ ನೋಡುವನು.

“ಅಕ್ಷರ ಹಲಗಿ ಮ್ಯಾಲ ಐತ್ರಿ, ನನ್ನ ಮಕದ ಮ್ಯಾಲಲ್ಲ.”

“ಸರಿ ಐತೋ ಇಲ್ಲೋ ಅಲ್ಲೇ ಗೊತ್ತಾಗ್ತೈತ್ರಿ. ತಪ್ಪಾದ್ರ ಹುಬ್ಬು ಏರ್ತಾವು.”

ಒಂದು ದಿನ ನನ್ನ ಕೆನ್ನೆಗೆ ಸುಣ್ಣ ಹತ್ತಿತ್ತು. ಅವನು ತನ್ನ ಕೆನ್ನೆ ಮುಟ್ಟಿ ತೋರಿಸಿದ. ನಾನು ಈ ಕಡೆ ಒರೆಸಿದೆ. ಆ ಕಡೆ ಎಂದು ಕಣ್ಣಲ್ಲೇ ಹೇಳಿದ. ನಾನು ಹಣೆ ಒರೆಸಿದೆ. ಅವನ ಬೆರಳು ಒಂದು ಗೇಣು ಮುಂದೆ ಬಂದು ಗಾಳಿಯಲ್ಲೇ ನಿಂತಿತು. ಗಿರಿಯಮ್ಮ ತಡೆಯಲಾರದೆ ತನ್ನ ಸೆರಗಿನಿಂದ ತಿಕ್ಕಿದಳು.

“ಇಲ್ಲಿ ಬೇ, ಇಲ್ಲಿ! ಅವ ಬಾಯಿ ಬಿಟ್ಟು ಹೇಳಂಗಿಲ್ಲ, ನೀ ತಿಳ್ಕೊಳಂಗಿಲ್ಲ. ನನ್ನ ಬತ್ತಿ ಎಲ್ಲಾ ಹಾಳಾದ್ವು.”

ನಾನು ತಿಳಿದುಕೊಂಡು ಎಷ್ಟೋ ದಿನವಾಗಿತ್ತು. ಇವನು ಹೇಳಲಿ ಎಂದು ಕಾಯುತ್ತಿದ್ದೆ. ಮೂರು ತಿಂಗಳು ಕಾದೆ. ಗುರುವಾರದ ಹೊಸ ಪಿಕ್ಚರ್, ಶನಿವಾರದ ನಾಟಕ, ಬಹುಮಾನ ಹಂಚುವ ಸಮಾರಂಭ, ಎಲ್ಲವನ್ನೂ ಒಂದಕ್ಷರ ತಪ್ಪದೆ ಸಾರಿದ. ನನಗೆ ಹೇಳಬೇಕಾದ ಒಂದು ಮಾತು ಮಾತ್ರ ಇವನ ಬಾಯಿಂದ ಬರಲೊಲ್ಲದು.

ಅಷ್ಟರಲ್ಲಿ ಮುದಗಲ್ಲಿನಿಂದ ಸಂಬಂಧ ಬಂತು. ಭಾನುವಾರ ಮೂರರ ಬಸ್ಸಿಗೆ ನನ್ನನ್ನು ನೋಡಲು ಬರುತ್ತಾರೆಂದು ಗೊತ್ತಾಯಿತು. ಶುಕ್ರವಾರ ನಾನೇ ಮಾತು ತೆಗೆದೆ.

“ಭಾನುವಾರ ನಾ ಆಟಕ್ಕ ಬರಂಗಿಲ್ಲ. ಮುದಗಲ್ಲಿನವ್ರು ನನ್ನ ನೋಡಾಕ ಬರಾಕತ್ತಾರ.”

ಅವನ ಕೈಯ ಕಡ್ಡಿ ನಿಂತಿತು. “ಆಗ್ಲಿ ಬಿಡ್ರಿ,” ಎಂದ.

ಆಗಲಿಯಂತೆ! ನಾನು ಎದ್ದು ನಿಂತೆ. “ಏನ್ ಆಗ್ಲಿ? ನಮ್ಮಪ್ಪನ ಹತ್ರ ಬಂದು ಒಂದು ಮಾತು ಕೇಳಾಕ ನಿಮಗೇನ್ ಧಾಡಿ?”

ಗಿರಿಯಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು.

“ನಿಮ್ಮಪ್ಪ ಸಂಘದಾಗ ದೊಡ್ಡವ್ರು. ಬಟ್ಟಿ ಅಂಗಡಿ ಸೂಗಪ್ಪ ಅಂದ್ರ ಲಿಂಗಸುಗೂರಿನ ತನಕ ಹೆಸರೈತಿ. ನಾ ಬಂಡಿಯಾಗ ಒದರಾವ. ಕೇಳಿ, ಅವ್ರು ಒಲ್ಲೆ ಅಂದ್ರ, ನಿಮ್ಮನ್ನ ಇಲ್ಲಿಗೆ ಬರಗೊಡಂಗಿಲ್ರಿ. ವಾರಕ್ಕೊಮ್ಮಿ ನೋಡೋದೂ ತಪ್ತೈತಿ.”

“ಮುದಗಲ್ಲಿಗೆ ಕೊಟ್ರ ವಾರಕ್ಕೊಮ್ಮಿ ನೋಡ್ತೀರೇನು?”

ದೇವರಾಣೆ, ಇದನ್ನು ಅವನು ಯೋಚಿಸಿಯೇ ಇರಲಿಲ್ಲ. ನಾನು ಹಲಗೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಇವನಿಲ್ಲದೆ ನಾನು ಬದುಕಿಯೇನು, ಆದರೆ ಆ ಬದುಕು ನನಗೆ ಬೇಡವಾಗಿತ್ತು.

ಭಾನುವಾರ ಅವ್ವ ಬೆಳಗಿನಿಂದ ಹೋಳಿಗೆಗೆ ಕೂತಿದ್ದಳು. ನನಗೆ ಹಸಿರು ಇಳಕಲ್ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಒಳಗಿನ ಕೋಣೆಯಲ್ಲಿ ಕೂರಿಸಿದ್ದರು. ಮಧ್ಯಾಹ್ನ ಎರಡರ ಸುಮಾರಿಗೆ ಬಂಡಿಯ ಗೆಜ್ಜೆ ಸದ್ದು ಮನೆಯ ಮುಂದೆ ನಿಂತಿತು. ಭೋಂಗಾ ಕೂಗಲಿಲ್ಲ. ನಾನು ಎದ್ದು ಬಾಗಿಲ ಸಂದಿಯಿಂದ ನೋಡಿದೆ. ತೊಳೆದ ಅಂಗಿ ತೊಟ್ಟು, ಚಪ್ಪಲಿ ಹೊರಗೆ ಬಿಟ್ಟು, ಮರಿಸ್ವಾಮಿ ಪಡಸಾಲೆಯಲ್ಲಿ ನಿಂತಿದ್ದ.

“ಏನಪಾ ಮರಿಸ್ವಾಮಿ, ಏನ್ ಬಂದಿ?” ಎಂದು ಕೇಳಿದ ಅಪ್ಪ.

“ಸೋಮವಾರ ಭಜನಿ,” ಎಂದ ಮರಿಸ್ವಾಮಿ.

“ಆಂ?”

“ಮಂಗಳವಾರ ಆಟ ಇಲ್ರಿ. ಬುಧವಾರ ಹೆಣ್ಮಕ್ಕಳಿಗಷ್ಟ, ಕಸೂತಿ ಪ್ರದರ್ಶನ. ಗುರುವಾರ ಹೊಸ ಪಿಕ್ಚರ್, ಆರಕ್ಕ. ಶುಕ್ರವಾರ ಸಾಲಿ ಮಕ್ಕಳ ಹಾಡು. ಶನಿವಾರ ಮತ್ತ ಪಿಕ್ಚರ್...”

ಒಂದೂ ತಪ್ಪಿರಲಿಲ್ಲ. ನಾನು ಹಣೆ ಬಡಿದುಕೊಂಡೆ.

“ಇದನ್ನ ಹೇಳಾಕ ಮನೀ ತನಕ ಬಂದೇನಪಾ?” ಅಪ್ಪನಿಗೆ ನಗುವೋ ಸಿಟ್ಟೋ ತಿಳಿಯಲಿಲ್ಲ. “ಹೂನ್ರಿ,” ಎಂದು ಮರಿಸ್ವಾಮಿ ಹೊರಡಲು ತಿರುಗಿದ.

ಅವನು ಹೊಸ್ತಿಲು ದಾಟಿದರೆ ನನ್ನ ಬಾಳು ಮುದಗಲ್ಲಿನ ಬಸ್ಸು ಹತ್ತಿದಂತೆಯೇ. ನಾನು ಬಾಗಿಲು ತಳ್ಳಿ ಹೊರಗೆ ಬಂದೆ. “ಅಪ್ಪಾ, ಅವ್ರು ನನ್ನ ಕೇಳಾಕ ಬಂದಾರ. ಹೇಳಾಕ ಬರವಲ್ದು.”

ಅಡುಗೆಮನೆಯಲ್ಲಿ ಲಟ್ಟಣಿಗೆ ನಿಂತಿತು. ಅಪ್ಪ ನನ್ನನ್ನೊಮ್ಮೆ ಅವನನ್ನೊಮ್ಮೆ ನೋಡಿದ.

“ಖರೇ ಏನೋ?”

“ಖರೇ ಐತ್ರಿ,” ಎಂದ ಮರಿಸ್ವಾಮಿ, ನೆಲ ನೋಡುತ್ತ. ಆಮೇಲೆ ತಲೆ ಎತ್ತಿದ. “ನನಗ ಹೊಲ ಇಲ್ಲ, ಅಂಗಡಿ ಇಲ್ಲ. ಕಲಿಯಾಕತ್ತೀನ್ರಿ. ಇವ್ರನ್ನ ನನಗ ಕೊಡ್ರಿ. ಬಿಟ್ಟಿರಾಕ ಆಗಂಗಿಲ್ರಿ ನನಗ.”

ಅಪ್ಪ ಮೀಸೆ ತೀಡಿದ. “ಊರಿಗೆಲ್ಲಾ ಒದರ್ತಿ, ಇಲ್ಲಿ ಬಂದು ಹೇಳಾಕ ಇವತ್ತೇ ಸಿಕ್ಕಿತೇನು ಈ ಮಾತು? ಮುದಗಲ್ಲಿನವ್ರು ಆಗ್ಲೇ ಬಸ್ಸು ಹತ್ತಿರ್ತಾರ. ಅವ್ರಿಗೆ ಯಾವ ಮಕ ಇಟ್ಕೊಂಡು ಹೇಳ್ಲಿ?”

“ನಾ ಬಸ್ ನಿಲ್ಲೋ ಕಡೆ ಹೋಗಿ ಕೈಮುಗ್ದು ಹೇಳ್ತೀನ್ರಿ.”

“ನೀ ಒಬ್ಬನೇ ಹೋದ್ರ ಬಡಿದಾರು. ತಡಿ, ರುಮಾಲು ಸುತ್ಕೊಂಡು ಬರ್ತೀನಿ. ಇಬ್ರೂ ಹೋಗೂಣು,” ಎಂದು ಅಪ್ಪ ಗೊಣಗುತ್ತ ಒಳಗೆ ಹೋದ.

ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು.

“ಸಿಟ್ಟೇನ್ರಿ?” ಎಂದ.

“ಇರಂಗಿಲ್ಲೇನು? ನಿನ್ನೆ ಬಂದಿದ್ರ ಅವ್ವ ಇಷ್ಟು ಹೋಳಿಗಿ ಮಾಡ್ತಿದ್ದಿಲ್ಲ. ಮೊನ್ನೆ ಬಂದಿದ್ರ ಅಪ್ಪ ಮಂದಿ ಮುಂದ ತಲಿ ತಗ್ಗಿಸೋದು ತಪ್ತಿತ್ತು. ಸೋಮವಾರ ಭಜನಿ ಅಂತ! ಯಾರಾರ ಹಂಗ ಹೆಣ್ಣು ಕೇಳ್ತಾರೇನ್ರಿ?”

ಎಲ್ಲ ಕೇಳಿಸಿಕೊಂಡ. ಆಮೇಲೆ ಒಂದು ಹೆಜ್ಜೆ ಮುಂದೆ ಬಂದು, ಮೆಲ್ಲಗೆ ಹೇಳಿದ, “ನಿಮ್ಮಪ್ಪನ್ನ ಕೇಳಿದೆ. ಮೊದ್ಲು ನಿಮ್ಮನ್ನ ಕೇಳ್ಬೇಕಿತ್ರಿ. ನಾ ನಿಮಗ ಬೇಕೇನು?”

ನನ್ನನ್ನು ಅಪ್ಪ ಕೇಳಿರಲಿಲ್ಲ, ಅವ್ವ ಕೇಳಿರಲಿಲ್ಲ. ಮುದಗಲ್ಲಿನವರು ಹಾಡಲು ಬರುತ್ತದೆಯೇ, ಹೊಲಿಯಲು ಬರುತ್ತದೆಯೇ ಎಂದು ಕೇಳುವವರಿದ್ದರು. ಬೇಕೇ ಎಂದು ಕೇಳಿದವನು ಇವನೊಬ್ಬ. ಇಷ್ಟು ದಿನ ಇವನನ್ನು ಬಾಯಿಗೆ ಬಂದಂತೆ ಬೈದ ನನಗೆ ಒಂದು ಮಾತೂ ಹೊರಡಲಿಲ್ಲ. ಕಣ್ಣು ತುಂಬಿ ಅವನ ಮುಖ ಕಲಸಿಹೋಯಿತು.

“ಲಗೂನ ಹೇಳ್ರಿ,” ಎಂದ ಮರಿಸ್ವಾಮಿ, ಒಳಬಾಗಿಲ ಕಡೆ ನೋಡುತ್ತ. “ನಿಮ್ಮಪ್ಪ ಬರಾಕತ್ತಾರ.”

“ಬೇಕು,” ಎಂದೆ. ಅಷ್ಟು ಹೇಳಲು ನನಗೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಯಿತು.